ಊರಿಗೆ ಹೋಗದ ಬೇಸಿಗೆ



ವಿಕ್ರೋಳಿ ಸ್ಟೇಶನ್ನಿನಲ್ಲಿ ದೂರದೂರಿನ ಗಾಡಿಗಳು ನಿಲ್ಲುವುದಿಲ್ಲ. ಆದರೆ ನಮ್ಮ ನಾಡಿಗೆ ಹೋಗುವ ಗಾಡಿಗಳು ಅದರ ಮಗ್ಗುಲಿನಿಂದಲೇ ಹಾಯುತ್ತವೆ. ಕುರ್ಲಾ ಟರ್ಮಿನಸ್ಸಿನಿಂದ ಮಧ್ಯಾಹ್ನ ಹೊರಟ ಮತ್ಸ್ಯಗಂಧಾ ಘಾಟ್ಕೋಪರ್ ದಾಟಿ, ವಿಕ್ರೋಳಿಯನ್ನು ಹಿಂದೆ ಹಾಕಿ ಠಾಣೆಯತ್ತ ಓಡುತ್ತದೆ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ಸಿನದೂ ಇದೇ ದಾರಿ. ಪೂರ್ವಕ್ಕೆ ಕನ್ನಮ್‌ವಾರ್ ನಗರ, ಟಾಗೋರ್ ನಗರ, ಪಶ್ಚಿಮಕ್ಕೆ ಪಾರ್ಕ್‌ಸೈಟ್. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ವರ್ಷದ ಹತ್ತು ತಿಂಗಳು ಆ ಗಾಡಿಗಳು ಬರೀ ಸದ್ದು. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಮಾತ್ರ ಅವಕ್ಕೆ ಹೆಸರು ಬರುತ್ತದೆ. “ನಮ್ಮದು ಯಾವಾಗ?” ಎಂದು ಮನೆಮನೆಯಲ್ಲೂ ಕೇಳುವ ಪ್ರಶ್ನೆಗೆ ಉತ್ತರ ಅಪ್ಪನ ಕಿಸೆಯಲ್ಲಿರುವ ಟಿಕೀಟು.

1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆಯುವ ಮೊದಲು ಈ ಪ್ರಯಾಣ ಬಸ್ಸಿನಲ್ಲಿ ನಡೆಯುತ್ತಿತ್ತು. ಅದಕ್ಕೂ ಹಿಂದೆ ಹಡಗಿನಲ್ಲಿ. ವಾಹನ ಬದಲಾದರೂ ಪದ್ಧತಿ ಬದಲಾಗಲಿಲ್ಲ. ಮುಂಬಯಿಯ ಕನ್ನಡ ಕುಟುಂಬಕ್ಕೆ ಮಕ್ಕಳ ಬೇಸಿಗೆ ರಜೆ ಎಂದರೆ ಊರು. ಒಂದು ಕೋಣೆ, ಒಂದು ಅಡಿಗೆಮನೆಯ ಸಂಸಾರದಲ್ಲಿ ಮಕ್ಕಳನ್ನು ಎರಡು ತಿಂಗಳು ಹೇಗೆ ಆಡಿಸುವುದು ಎಂಬ ಚಿಂತೆಯನ್ನು ನಾವು ಒಂದು ನೂರು ವರ್ಷ ಅಜ್ಜಿಯ ಮನೆಯ ಅಂಗಳಕ್ಕೆ ದಾಟಿಸಿಬಿಟ್ಟಿದ್ದೆವು ಎಂದರೆ ತಪ್ಪಾಗಲಾರದು. (ಎಲ್ಲ ಮಕ್ಕಳಿಗೂ ಈ ಭಾಗ್ಯ ಇರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಹಿರಿಯರಿಗೆ ಬೇಸಿಗೆ ರಜೆ ಎಂಬ ಮಾತೇ ಗೊತ್ತಿರಲಿಲ್ಲ.)

2020ರ ಮಾರ್ಚಿನಲ್ಲಿ ಆ ದಾಟಿಸುವ ದಾರಿಯೇ ಮುಚ್ಚಿತು. ನೆನಪಿದೆಯಲ್ಲವೇ? ತಿಂಗಳ ನಡುವಿನಲ್ಲಿ ಶಾಲೆಗಳು ಮುಚ್ಚಿದವು. ಒಂದರಿಂದ ಎಂಟನೆಯ ತರಗತಿಯವರೆಗೆ ಪರೀಕ್ಷೆಯಿಲ್ಲ, ಎಲ್ಲರೂ ಪಾಸು ಎಂದು ಮಹಾರಾಷ್ಟ್ರ ಸರಕಾರ ಹೇಳಿತು. ಹತ್ತನೆಯವರ ಭೂಗೋಳದ ಒಂದು ಪೇಪರು ಮಾತ್ರ ಉಳಿದು, ಮೊದಲು ಮುಂದೂಡಿ, ಕೊನೆಗೆ ಅದನ್ನೂ ಕೈಬಿಟ್ಟರು. ಮಕ್ಕಳಿಗೆ ಇದಕ್ಕಿಂತ ದೊಡ್ಡ ಹಬ್ಬ ಉಂಟೇ? ಮಾರ್ಚ್ 22ರ ಸಂಜೆ ತಾಟು ಬಡಿಯಲು ಅವರೇ ಮುಂದೆ. ಅದೇ ರಾತ್ರಿಯಿಂದ ದೇಶದ ಪ್ರಯಾಣಿಕರ ಗಾಡಿಗಳು ನಿಂತವು, ಲೋಕಲ್ಲೂ ನಿಂತಿತು. ವಿಕ್ರೋಳಿಯಂಥ ಜಾಗದಲ್ಲಿ ಹಳಿಗಳ ಸದ್ದು ನಿಲ್ಲುವುದು ಎಂದರೆ ಗಡಿಯಾರ ನಿಂತ ಹಾಗೆ. 25ರಿಂದ ದೇಶಕ್ಕೆ ದೇಶವೇ ಮನೆಯೊಳಗೆ. ಮೇ ತಿಂಗಳಲ್ಲಿ ಕೇಂದ್ರದ ಆದೇಶ ಇನ್ನೂ ಸ್ಪಷ್ಟವಾಗಿತ್ತು: 65 ದಾಟಿದವರು, ಗರ್ಭಿಣಿಯರು, 10 ವರ್ಷದೊಳಗಿನ ಮಕ್ಕಳು ತೀರಾ ಅಗತ್ಯವಿಲ್ಲದೆ ಹೊಸ್ತಿಲು ದಾಟಬಾರದು. ಅಜ್ಜ-ಅಜ್ಜಿ ಹಾಗೂ ಮೊಮ್ಮಕ್ಕಳು ಒಂದೇ ಸಾಲಿನಲ್ಲಿ ಬಂದದ್ದು ಅಲ್ಲಿ ಮಾತ್ರ. ನಿಜದಲ್ಲಿ ಅವರ ನಡುವೆ ಸಾವಿರ ಕಿಲೋಮೀಟರು.

ಇಂಥದು ಮುಂಬಯಿಗೆ ಹಿಂದೆ ಬಂದಿರಲಿಲ್ಲವೇ? ಬಂದಿತ್ತು. ಆದರೆ ಆಗ ನಡೆದದ್ದು ಇದಕ್ಕೆ ತೀರಾ ತಿರುಗುಮುರುಗು. ಅದನ್ನು ಹೇಳಲೆಂದೇ ಈ ಬರಹ.

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ಗೋದಾಮುಗಳ ಓಣಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೆಗಾಸ್ ಎಂಬ ವೈದ್ಯರು ಗಡ್ಡೆಯ ಜ್ವರವನ್ನು ಕಂಡು, ಇದು ಪ್ಲೇಗು ಎಂದು ಗುರುತಿಸಿದರು. 1891ರ ಜನಗಣತಿಯ ಪ್ರಕಾರ ಆಗಿನ ಮುಂಬಯಿಯ ಜನಸಂಖ್ಯೆ 8,21,764. ಮುಂದಿನ ಚಳಿಗಾಲ, ಬೇಸಿಗೆಗಳಲ್ಲಿ ಊರಿನ ಹತ್ತಿರಹತ್ತಿರ ಅರ್ಧದಷ್ಟು ಜನ ಗಂಟುಮೂಟೆ ಕಟ್ಟಿ ಹೊರಟುಹೋದರು. 1901ರ ಗಣತಿಯಲ್ಲಿ ಸಿಕ್ಕಿದ್ದು 7,76,006 ಮಂದಿ. ಬೆಳೆಯುವುದೊಂದೇ ಗೊತ್ತಿದ್ದ ಶಹರ ಹತ್ತು ವರ್ಷದಲ್ಲಿ ಚಿಕ್ಕದಾಯಿತು.

ಹೊರಗೆ ಹೋಗದೆ ಉಳಿದವರನ್ನು ಸರಕಾರವೇ ಹೊರಗೆಳೆಯಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದದ್ದು ಆಗಲೇ. 2020ರಲ್ಲಿ ನಮ್ಮನ್ನು ಒಳಗೆ ಕೂಡಿಸಿದ ಆದೇಶಗಳಿಗೂ ಅದೇ ಹಳೆಯ ಕಾಯಿದೆ ಬಳಕೆಯಾಯಿತು ಎಂಬುದು ವಿಚಿತ್ರವಾದರೂ ನಿಜ. ಆಗಿನ ಅಧಿಕಾರಿಗಳ ಕಣ್ಣಿಗೆ ರೋಗ ಇದ್ದದ್ದು ಮನೆಯಲ್ಲಿ. ಕತ್ತಲೆ ಕೋಣೆ, ಒದ್ದೆ ನೆಲ, ಗಾಳಿಯಿಲ್ಲದ ಚಾಳು. ಆದ್ದರಿಂದ ಗೋಡೆಗೆ ಸುಣ್ಣ ಬಳಿದರು, ಬಿಸಿಲು ಒಳಗೆ ಬೀಳಲೆಂದು ಮಾಡಿನ ಹಂಚನ್ನೇ ತೆಗೆದರು, ಮನೆಯವರನ್ನು ಬಯಲಿನ ಶಿಬಿರಗಳಿಗೆ ಸಾಗಿಸಿದರು. ಬೇರೆಬೇರೆ ಜಾತಿ, ಸಮುದಾಯದವರು ತಮ್ಮ ತಮ್ಮ ಆಸ್ಪತ್ರೆ, ಶಿಬಿರಗಳನ್ನು ಕಟ್ಟಿಕೊಂಡರು. ತಟ್ಟಿಯ ಗುಡಿಸಲು, ಮೇಲೆ ಆಕಾಶ, ಸುತ್ತ ಮೈದಾನ.

ಕಾರಣ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಪ್ಲೇಗನ್ನು ಇಲಿಯ ಮೈಮೇಲಿನ ಚಿಗಟ ಹರಡುತ್ತದೆ ಎಂದು ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಅದನ್ನು ಎಲ್ಲರೂ ಒಪ್ಪಲು ಇನ್ನೂ ಹತ್ತು ವರ್ಷ ಬೇಕಾಯಿತು. ಆದರೆ ಕಾರಣ ತಪ್ಪಾದರೂ ಮದ್ದು ಸರಿಯಿತ್ತು. ಇಲಿ ಇರುವ ಮನೆ ಬಿಟ್ಟು ಬಯಲಿಗೆ ಬಂದವನು ಚಿಗಟದಿಂದ ದೂರವಾದ. ನಮ್ಮ ಹಳ್ಳಿಗಳ ಜನ ಇದನ್ನು ವಿಜ್ಞಾನಕ್ಕೆ ಕಾಯದೆ ಕಣ್ಣಿನಿಂದಲೇ ಕಲಿತರು. ‘ಇಲಿ ಬಿದ್ದಿತು’ ಎಂದರೆ ಸಾಕು, ಊರು ಖಾಲಿ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಸೀಮೆಯಲ್ಲಿ, ಅತ್ತ ಮೈಸೂರು ಸಂಸ್ಥಾನದಲ್ಲಿ, ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. ಹಾಫ್‌ಕಿನ್ ಮುಂಬಯಿಯಲ್ಲಿ ತಯಾರಿಸಿ 1897ರ ಜನವರಿ 10ರಂದು ತನ್ನ ಮೈಗೇ ಚುಚ್ಚಿಕೊಂಡ ಲಸಿಕೆಯನ್ನು ಮರುವರ್ಷ ಹುಬ್ಬಳ್ಳಿಯೊಂದರಲ್ಲೇ 35,000ಕ್ಕೂ ಮಿಕ್ಕಿದ ಜನ ಹಾಕಿಸಿಕೊಂಡರು. ನಿಮ್ಮಲ್ಲಿ ಹಿರಿಯರ ಕೂಡೆ ಬೆಳೆದವರಿಗೆ “ಪ್ಲೇಗಿನ ಕಾಲದಲ್ಲಿ ನಾವು ಹೊಲದಾಗ ಇದ್ದಿವಿ” ಎಂಬ ಮಾತು ಕಿವಿಯ ಮೇಲೆ ಬಿದ್ದಿರಬಹುದು. ಆ ಮಾತಿನಲ್ಲಿ ಸಾವಿನ ಲೆಕ್ಕದ ಜೊತೆಗೇ, ಮರದ ಕೆಳಗೆ ಮಲಗಿದ್ದು, ಶಾಲೆ ತಪ್ಪಿದ್ದು, ಕೆರೆಗೆ ಹೋದದ್ದು, ಇವೂ ಸೇರಿಕೊಂಡಿರುತ್ತವೆ.

ಅದನ್ನು ಸುಂದರವಾದ ಕಾಲ ಎಂದು ತಿಳಿಯಬೇಡಿ. ಮಗುವನ್ನು ತಾಯಿಯಿಂದ ಬೇರೆ ಮಾಡಿ ಶಿಬಿರಕ್ಕೆ ಒಯ್ದದ್ದುಂಟು. ಆಸ್ಪತ್ರೆಗೆ ಹೋದವರು ಬದುಕಿ ಬರುವುದಿಲ್ಲ ಎಂಬ ಭಯ ಎಷ್ಟಿತ್ತೆಂದರೆ 1896ರ ಅಕ್ಟೋಬರ್ 29ರಂದು ಗಿರಣಿ ಕಾರ್ಮಿಕರ ದೊಡ್ಡ ಗುಂಪು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆಯೇ ನುಗ್ಗಿತು. ಆ ಆಸ್ಪತ್ರೆಗೆ ಈಗಿನ ಹೆಸರು ಕಸ್ತೂರಬಾ. ಹೌದು, 2020ರ ಮಾರ್ಚಿನಲ್ಲಿ ಮುಂಬಯಿಯ ಮೊದಲ ಕೊರೋನಾ ರೋಗಿಗಳನ್ನು ಸೇರಿಸಿಕೊಂಡ ಅದೇ ಕಸ್ತೂರಬಾ ಆಸ್ಪತ್ರೆ.

ಆದರೂ ಒಂದು ಮಾತು. ಪ್ಲೇಗು ಮಕ್ಕಳಿಗೆ ಹೇಳಿದ್ದು ‘ಹೊರಗೆ ಬಾ’ ಎಂದು. ಕೊರೋನಾ ಹೇಳಿದ್ದು ‘ಒಳಗೆ ಇರು’ ಎಂದು.

ಆ ‘ಹೊರಗೆ ಬಾ’ ಎಂಬುದು ಶಹರದ ನಕಾಶೆಯಲ್ಲೂ ಉಳಿಯಿತು. 1898ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟು ಇಕ್ಕಟ್ಟಿನ ಓಣಿಗಳನ್ನು ಒಡೆದು ಅಗಲ ರಸ್ತೆ ಮಾಡಿತು. ಒಡೆಸಿಕೊಂಡ ಬಡವರಿಗೆ ಅಷ್ಟೇ ಮನೆ ಕಟ್ಟಿಕೊಡಲಿಲ್ಲ, ಅದು ಬೇರೆ ಕತೆ. ಉತ್ತರದಲ್ಲಿ ದಾದರ್, ಮಾಟುಂಗ, ವಡಾಲಾಗಳ ಹೊಸ ಬಡಾವಣೆಗಳನ್ನು ಹಾಕಿತು. ಮಾಟುಂಗದ ಫೈವ್ ಗಾರ್ಡನ್ಸಿನಲ್ಲಿ ನಿಮ್ಮ ಮಕ್ಕಳನ್ನು ಓಡಾಡಿಸಿದ್ದರೆ, ಆ ಹುಲ್ಲಿನ ಬೇರು ಪ್ಲೇಗಿನ ಭಯದಲ್ಲಿದೆ. ಬೆಂಗಳೂರಿನಲ್ಲಿಯೂ ಹಾಗೆಯೇ. 1898ರಲ್ಲಿ ಅಲ್ಲಿಗೆ ಪ್ಲೇಗು ಬಂದ ಮೇಲೆ ಪೇಟೆಯ ಜನ ಬಸವನಗುಡಿ, ಮಲ್ಲೇಶ್ವರದ ವಿಶಾಲ ರಸ್ತೆಗಳಿಗೆ, ಮನೆ-ಮನೆಯ ನಡುವೆ ಜಾಗ ಬಿಟ್ಟ ಸೈಟುಗಳಿಗೆ ಹೊರಳಿದರು.

ಆ ಕಾಲಕ್ಕೆ ವಿಕ್ರೋಳಿ ಮುಂಬಯಿಯೇ ಅಲ್ಲ. ಅದು ಸಾಷ್ಟಿ ದ್ವೀಪದ ಒಂದು ಹಳ್ಳಿ, ಶಹರದವರಿಗೆ ಬಯಲು. ಪಿರೋಜ್‌ಶಾ ಗೋದ್ರೆಜ್ ಇಲ್ಲಿ ಜಮೀನು ಕೊಂಡದ್ದು 1943ರಲ್ಲಿ. ಮುಂಬಯಿ ಮಹಾನಗರಪಾಲಿಕೆ ತನ್ನ ಗಡಿಯನ್ನು ಭಾಂಡುಪ್‌ವರೆಗೆ ಚಾಚಿ ವಿಕ್ರೋಳಿಯನ್ನು ಒಳಗೆ ತೆಗೆದುಕೊಂಡದ್ದು 1950ರಲ್ಲಿ. ಆಮೇಲೆ ಕಾರಖಾನೆ, ಹೌಸಿಂಗ್ ಬೋರ್ಡಿನ ಕಾಲನಿಗಳು, ಗುಡ್ಡದ ಮೈಗೆ ಅಂಟಿಕೊಂಡ ಚಾಳುಗಳು. 1962ರಿಂದ 63ರವರೆಗೆ ಮುಖ್ಯಮಂತ್ರಿಯಾಗಿದ್ದು ಅಧಿಕಾರದಲ್ಲಿರುವಾಗಲೇ ತೀರಿಹೋದ ಮಾರೋತರಾವ್ ಕನ್ನಮ್‌ವಾರ್ ಅವರ ಹೆಸರು ಕಾಲನಿಗೆ ನಿಂತಿತು. ಶಹರದಿಂದ ಓಡಿದವರು ಉಸಿರಾಡಲು ಬರಬಹುದಾಗಿದ್ದ ಜಾಗ, ಒಂದು ತಲೆಮಾರಿನಲ್ಲಿ ಉಸಿರು ಹಿಡಿದು ಕೂರುವ ಜಾಗವಾಯಿತು. ನಮ್ಮ ಮಂದಿ ಬಂದು ನೆಲೆಸಿದ್ದೂ ಆ ಹೊತ್ತಿನಲ್ಲೇ: ಕಾರಖಾನೆಯ ಪಾಳಿಗೆ, ಹೋಟೆಲಿನ ಗಲ್ಲಾಕ್ಕೆ, ಕಟ್ಟಡ ಕೆಲಸಕ್ಕೆ.

1918ರ ಇನ್‌ಫ್ಲುಯೆಂಜಾವನ್ನು ಇಲ್ಲಿ ಬೇಗ ದಾಟುತ್ತೇನೆ. ಜೂನಿನಲ್ಲಿ ಬಂದರಿಗೆ ಬಂದು, ಸೆಪ್ಟೆಂಬರಿನಲ್ಲಿ ರಾಕ್ಷಸನಾಗಿ ತಿರುಗಿ ಬಂದ ಆ ಜ್ವರಕ್ಕೆ ಅಕ್ಟೋಬರ್ 6ರ ಒಂದೇ ದಿನ ಮುಂಬಯಿಯಲ್ಲಿ 768 ಜನ ಸತ್ತರು. ಅದು ಹೆಚ್ಚಾಗಿ ಒಯ್ದದ್ದು ಪ್ರಾಯದವರನ್ನು. ಆ ವರ್ಷ ಮಕ್ಕಳನ್ನು ಆಡಿಸುವವರು ಯಾರು ಎಂಬ ಪ್ರಶ್ನೆಗೆ ಅನೇಕ ಮನೆಗಳಲ್ಲಿ ಉತ್ತರವೇ ಇರಲಿಲ್ಲ.

ನಾವು ರೇಡಿಯೋದವರಾದ್ದರಿಂದ ಇನ್ನೊಂದು ಊರಿನ ಕತೆಯನ್ನು ಹೇಳದೆ ಮುಂದೆ ಹೋಗಲಾರೆ. 1937ರ ಸೆಪ್ಟೆಂಬರಿನಲ್ಲಿ ಅಮೆರಿಕದ ಶಿಕಾಗೋದಲ್ಲಿ ಪೋಲಿಯೋ ಹಬ್ಬಿ, ರಜೆ ಮುಗಿದರೂ ಶಾಲೆ ತೆರೆಯುವಂತಿರಲಿಲ್ಲ. ಮೂರರಿಂದ ಎಂಟನೆಯ ತರಗತಿಯವರೆಗಿನ ಮೂರು ಲಕ್ಷಕ್ಕೂ ಮೀರಿದ ಮಕ್ಕಳು ಮನೆಯಲ್ಲಿ. ಆಗ ಊರಿನ ಆರು ರೇಡಿಯೋ ಸ್ಟೇಶನ್ನುಗಳು ಪಾಠಕ್ಕೆ ಹೊತ್ತು ಬಿಟ್ಟುಕೊಟ್ಟವು. ಬೆಳಗಿನ ಪತ್ರಿಕೆಯಲ್ಲಿ ಆ ದಿನದ ಪಾಠದ ಪಟ್ಟಿ, ಆಮೇಲೆ ಹದಿನೈದು ಹದಿನೈದು ನಿಮಿಷದ ಪಾಠ. ಮೇಷ್ಟರು ಬೇಗ ಹೇಳಿದರು, ಬರೆದುಕೊಳ್ಳಲಾಗಲಿಲ್ಲ ಎಂಬ ದೂರು ಆಗಲೂ ಇತ್ತು. ರೇಡಿಯೋ ಇಲ್ಲದ ಮನೆಯ ಮಕ್ಕಳು ಏನು ಮಾಡಬೇಕು ಎಂಬ ಪ್ರಶ್ನೆಯೂ ಇತ್ತು.

83 ವರ್ಷದ ನಂತರ ಪ್ರಶ್ನೆ ಬದಲಾಗಲಿಲ್ಲ, ಪೆಟ್ಟಿಗೆ ಬದಲಾಯಿತು. ಮನೆಯಲ್ಲಿ ಇರುವುದು ಒಂದು ಸ್ಮಾರ್ಟ್ ಫೋನು, ಅದು ಅಪ್ಪನದು. ಮಕ್ಕಳು ಎರಡು, ಇಬ್ಬರಿಗೂ ಹತ್ತು ಗಂಟೆಗೇ ಕ್ಲಾಸು. ಹೋಟೆಲು ಮುಚ್ಚಿ ಸಂಬಳ ನಿಂತ ಮನೆಯಲ್ಲಿ ರೀಚಾರ್ಜಿಗೆ ಹಣ ಎಲ್ಲಿಂದ? ಆ ವರ್ಷದ ಜುಲೈಯಲ್ಲಿ ದೂರದರ್ಶನದ ಸಹ್ಯಾದ್ರಿ ವಾಹಿನಿಯಲ್ಲಿ ಮರಾಠಿಯ ‘ಟಿಲಿಮಿಲಿ’ ಎಂಬ ಸರಣಿ ಒಂದರಿಂದ ಎಂಟನೆಯವರಿಗಾಗಿ ಬಂತು. ಅದೇ ತಿಂಗಳು ಕರ್ನಾಟಕದಲ್ಲಿ ಚಂದನ ವಾಹಿನಿ ಪ್ರೌಢಶಾಲೆಯವರಿಗಾಗಿ ‘ಸೇತುಬಂಧ’, ‘ಸಂವೇದ’ ಪಾಠಗಳನ್ನು ಹಾಕಿತು. ನಾಗಪುರದ ಆಕಾಶವಾಣಿ ‘ಶಾಳೇಬಾಹೇರಚೀ ಶಾಳಾ’ ಎಂದು ಶಾಲೆಯ ಹೊರಗಿನ ಶಾಲೆಯನ್ನೇ ಗಾಳಿಯಲ್ಲಿ ನಡೆಸಿತು. ಟಿ.ವಿ. ಪಾಠಗಳು ಬಂದದ್ದು ಮಳೆಗಾಲಕ್ಕೆ. ಬೇಸಿಗೆಯಲ್ಲಿ ಮಕ್ಕಳಿಗೆ ಸಿಕ್ಕಿದ್ದು ಮಾರ್ಚ್ 28ರಿಂದ ಮರುಪ್ರಸಾರವಾದ ರಾಮಾಯಣ, ಮಹಾಭಾರತ. 1987ರಲ್ಲಿ ರಾಮಾಯಣವನ್ನು ನೆರೆಮನೆಯ ಟಿ.ವಿ. ಮುಂದೆ ನೆಲದ ಮೇಲೆ ಕೂತು ನೋಡಿದವರು ಈಗ ತಮ್ಮ ಮಕ್ಕಳಿಗೆ ಮುಂದೇನಾಗುತ್ತದೆಂದು ಮೊದಲೇ ಹೇಳಿ ಬೈಸಿಕೊಂಡರು.

ಟಿ.ವಿ. ಎಷ್ಟು ಹೊತ್ತು? ಫೋನು ಎಷ್ಟು ಹೊತ್ತು? ಏಪ್ರಿಲ್ ಎರಡನೆಯ ವಾರಕ್ಕೆ ಎಲ್ಲ ಬೇಸರ ಬಂದ ಮೇಲೆ, ಅನೇಕ ಮನೆಗಳ ಲಾದಿಯ ಮೇಲೆ ಸೀಮೆಸುಣ್ಣದ ಗೆರೆಗಳು ಬಂದವು. ಐದು ಅಡ್ಡ, ಐದು ಉದ್ದ, ಇಪ್ಪತ್ತೈದು ಮನೆ: ಚೌಕಾಬಾರ. ಕವಡೆ ಇಲ್ಲದವರು ಹುಣಸೆಬೀಜವನ್ನು ಒಂದು ಮಗ್ಗುಲು ಉಜ್ಜಿ ಬಿಳಿ ಮಾಡಿಕೊಂಡರು. ನಾಲ್ಕು ಬಿದ್ದರೆ ಚೌಕ, ಎಂಟಾದರೆ ಬಾರ. ಮೊಬೈಲಿನಲ್ಲಿ ಲೂಡೋ ಆಡುತ್ತಿದ್ದ ಮಗುವಿಗೆ ಅದರ ತಾತನ ಪರಿಚಯವಾಯಿತು ಎನ್ನಿ.

ಈ ಮನೆಯೊಳಗಿನ ಆಟಗಳ ಚರಿತ್ರೆಯಲ್ಲಿ ಒಬ್ಬ ದೊರೆ ಸಿಗುತ್ತಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಇಂಗ್ಲಿಷರು 1831ರಲ್ಲಿ ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅರಮನೆಯಿತ್ತು, ಸಿಂಹಾಸನವಿತ್ತು, ರಾಜ್ಯದ ಕೆಲಸವಿರಲಿಲ್ಲ. ಅವರು ಹೊಸಹೊಸ ಪಗಡೆ, ಇಸ್ಪೀಟು, ಚದುರಂಗದ ಆಟಗಳನ್ನು ಕಟ್ಟಿದರು. ಅವರು ಬರೆಸಿದ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ ಎಂಬ ಭಾಗವಿದೆ. ಹೊರಗೆ ಮಾಡಲು ಕೆಲಸವಿಲ್ಲದೆ ಒಳಗೆ ಕೂತವನ ತಲೆ ಏನೇನು ಮಾಡಬಲ್ಲದು ಎಂಬುದಕ್ಕೆ, ನನ್ನ ಮಟ್ಟಿಗೆ, ಇದಕ್ಕಿಂತ ಚೆಂದದ ಉದಾಹರಣೆಯಿಲ್ಲ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾಕೌಶಲ್ಯ’ ಎಂಬ ಪ್ರದರ್ಶನಗಳಲ್ಲಿ ಇಂಥ ಹಲಗೆಯಾಟಗಳನ್ನು ಮತ್ತೆ ಜನರ ಕೈಗೆ ಕೊಟ್ಟಿದ್ದಾರೆ.

ದೊರೆಯ ಮಾತು ಹಾಗಿರಲಿ. ತುಳುನಾಡಿನ ಮನೆಗಳಲ್ಲಿ ಇದಕ್ಕೆ ಒಂದು ತಿಂಗಳನ್ನೇ ಕೊಟ್ಟಿದ್ದರು. ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹೊರಗೆ ಕಾಲಿಡಲಾಗದ ಮಳೆ. ಗದ್ದೆ ಕೆಲಸ ಮುಗಿದಿದೆ, ಕೈಯಲ್ಲಿ ಕಾಸಿಲ್ಲ, ಕಣಜ ಬರಿದು, ಮನೆತುಂಬ ಜನ. ಆಗ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಬೀಜ. ಅಜ್ಜಿ ಬೀಜ ಹಂಚುತ್ತಾ ಹೋದಂತೆ ಮೊಮ್ಮಗು ಲೆಕ್ಕ ಕಲಿಯುತ್ತಿತ್ತು. ಆಟಿ ಮುಗಿದರೆ ಮಣೆ ಮತ್ತೆ ಅಟ್ಟಕ್ಕೆ. ಬೇರೆ ತಿಂಗಳಲ್ಲಿ ಆಡಬಾರದು ಎಂಬ ಕಟ್ಟು ಬೇರೆ. ಈಗ ಯೋಚಿಸಿ ನೋಡಿ: ಮನೆಯೊಳಗೆ ಸಿಕ್ಕಿಬೀಳುವುದು ಆ ಹಿರಿಯರಿಗೆ ಹೊಸ ಸಂಗತಿಯಾಗಿರಲಿಲ್ಲ. ಅದು ಪಂಚಾಂಗದಲ್ಲಿ ಬರುವಂಥದು. ಅದಕ್ಕೊಂದು ಆಟ, ಆ ಆಟಕ್ಕೊಂದು ಗಡುವು. 2020ರಲ್ಲಿ ನಮಗೆ ಬಂದ ಆಟಿಗೆ ಗಡುವಿರಲಿಲ್ಲ. ಹದಿನಾಲ್ಕು ದಿನ, ಮತ್ತೆ ಹದಿನಾಲ್ಕು ದಿನ. ಮಣೆ ಇಲ್ಲದವರು ಮೊಟ್ಟೆಯ ರಟ್ಟಿನ ಗುಳಿಯಲ್ಲಿ ಕಡಲೆಕಾಳು ಹಾಕಿ ಆಡಿದರು, ಚೈತ್ರವೋ ಆಟಿಯೋ ಎಂದು ಯಾರೂ ಕೇಳಲಿಲ್ಲ.

ಹೊರಗೆ? ಹೊರಗಿನ ಮಾತಿಗೆ ಬಂದಾಗ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ.

ವಿಕ್ರೋಳಿಯ ಪೂರ್ವಕ್ಕೆ ಹೆದ್ದಾರಿ ದಾಟಿದರೆ ಕಾಂಡ್ಲಾ ಕಾಡು, ಅದರಾಚೆ ಠಾಣೆ ಖಾರಿ. ಐರೋಳಿ ಸೇತುವೆಯಿಂದ ವಾಶಿ ಸೇತುವೆಯವರೆಗಿನ ಈ ದಡವನ್ನು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಎಂದು ಘೋಷಿಸಿದರು. 2022ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟವೂ ಸಿಕ್ಕಿತು. ಆ ಬೇಸಿಗೆ ಅಲ್ಲಿ ಗುಲಾಬಿ ಬಣ್ಣದ ಜಾತ್ರೆ. ಹಿಂದಿನ ವರ್ಷಕ್ಕಿಂತ ಶೇಕಡಾ 25ರಷ್ಟು ಹೆಚ್ಚು ಹಕ್ಕಿಗಳು ಬಂದಿರಬಹುದೆಂದು ಬಿ.ಎನ್.ಎಚ್.ಎಸ್. ತಜ್ಞರು ಅಂದಾಜು ಮಾಡಿದರು. ಇಷ್ಟು ಹತ್ತಿರವಿದ್ದೂ ವಿಕ್ರೋಳಿಯ ಮಕ್ಕಳು ಅವನ್ನು ಕಂಡದ್ದು ವಾಟ್ಸ್ಯಾಪಿನಲ್ಲಿ. ಹೊರಗೆ ಎಂದರೆ ಅವರಿಗೆ ಉಳಿದದ್ದು ಟೆರೇಸು, ಅದೂ ಸೊಸೈಟಿಯವರು ಕೀಲಿ ಕೊಟ್ಟರೆ. ಅಲ್ಲಿ ಗಾಳಿಪಟ ಹಾರಿತು, ಕುಂಟೆಬಿಲ್ಲೆಯ ಚೌಕ ಬಂತು. ಗುಡ್ಡದ ಚಾಳುಗಳ ಮಕ್ಕಳಿಗೆ ಅದೂ ಇಲ್ಲ. ಅವರಿಗೆ ಎರಡು ಮನೆಗಳ ನಡುವಿನ ಮೂರಡಿ ಗಲ್ಲಿಯೇ ಮೈದಾನ, ಅಲ್ಲೂ ಪೊಲೀಸರ ಸೀಟಿ.

‘ಮಿಷನ್ ಬಿಗಿನ್ ಅಗೇನ್’ ಎಂದು ಮಹಾರಾಷ್ಟ್ರ ಸರಕಾರ ಜೂನ್ 3ರಿಂದ ಬೆಳಿಗ್ಗೆ 5ರಿಂದ ಸಂಜೆ 7ರವರೆಗೆ ಮೈದಾನ, ತೋಟ, ಸಮುದ್ರದಂಡೆಗಳಲ್ಲಿ ಓಡಾಡಲು ಬಿಟ್ಟಿತು. ಶರತ್ತು ಎರಡು: ಗುಂಪು ಸೇರಬಾರದು, ಮಕ್ಕಳ ಜೊತೆ ಒಬ್ಬ ದೊಡ್ಡವರಿರಬೇಕು. ಓದಿ ನೋಡಿದರೆ ಸರಿಯಾಗಿಯೇ ಇದೆ. ಆದರೆ ಲಗೋರಿಯನ್ನು ಅಪ್ಪನೊಬ್ಬನ ಜೊತೆ ಆಡುವುದು ಹೇಗೆ? ಜೂಟಾಟಕ್ಕೆ ಮುಟ್ಟಲೇಬೇಕಲ್ಲ! ಸ್ಪೇನಿನಲ್ಲಿ ಮಾರ್ಚ್ ನಡುವಿನಿಂದ ಮಕ್ಕಳನ್ನು ಪೂರ್ತಿ ಒಳಗಿಟ್ಟು, ಏಪ್ರಿಲ್ 26ಕ್ಕೆ ದಿನಕ್ಕೆ ಒಂದು ಗಂಟೆ, ಮನೆಯಿಂದ ಒಂದು ಕಿಲೋಮೀಟರಿನೊಳಗೆ ಎಂದು ಬಿಟ್ಟಾಗ ಅಲ್ಲಿಯ ಬೀದಿಗಳಲ್ಲಿ ಸೈಕಲ್ಲುಗಳ ಮೆರವಣಿಗೆ. ನಮ್ಮಲ್ಲಿ ಅಷ್ಟಾದರೂ ಗಂಟೆಗಳ ಲೆಕ್ಕ ಮಕ್ಕಳ ಹೆಸರಿನಲ್ಲಿ ಬರೆಯಲಿಲ್ಲ.

ಈ ರೋಗ ಗಾಳಿಯಿಂದ, ಅದರಲ್ಲೂ ಮುಚ್ಚಿದ ಕೋಣೆಯ ಗಾಳಿಯಿಂದ ಹರಡುತ್ತದೆ, ಬಯಲಿನಲ್ಲಿ ಅಪಾಯ ಬಹಳ ಕಡಿಮೆ ಎಂಬುದು ಮೆಲ್ಲಮೆಲ್ಲನೆ ಖಾತ್ರಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಗಾಳಿಯ ಮಾತನ್ನು ಬಿಚ್ಚಿ ಬರೆದದ್ದು 2021ರಲ್ಲಿ. ಅಂದರೆ ಜೋಕಾಲಿಗೆ ಸುತ್ತಿದ ಹಗ್ಗಕ್ಕಿಂತ ಮನೆಯ ಮುಚ್ಚಿದ ಕಿಟಕಿಯೇ ಹೆಚ್ಚು ಅಪಾಯಕಾರಿಯಾಗಿತ್ತು. 1897ರಲ್ಲಿ ಕಾರಣ ತಪ್ಪು ತಿಳಿದು ಮಕ್ಕಳನ್ನು ಬಯಲಿಗೆ ತಂದರು, ಅದು ಸರಿಯಾಯಿತು. 2020ರಲ್ಲಿ ಎಚ್ಚರಿಕೆಯ ಹೆಸರಿನಲ್ಲಿ ಬಯಲಿಗೇ ಬೀಗ ಹಾಕಿದೆವು. ಮೊದಲ ವಾರಗಳಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ, ಆಗಿನ ಹೆದರಿಕೆಯನ್ನು ಈಗ ಕೂತು ನಗಬಾರದು. ಆದರೆ ಮಾಲು, ಬಾರು ತೆರೆದ ಮೇಲೂ ಶಾಲೆಯ ಗೇಟು ಮುಚ್ಚಿಯೇ ಇದ್ದದ್ದಕ್ಕೆ ಆ ಸಬೂಬು ಸಾಲದು.

ಆ ಬೇಸಿಗೆ ಊರಿಗೆ ಹೋಗಿಯೇ ಬಿಟ್ಟ ಮಕ್ಕಳೂ ಇದ್ದಾರೆ. ಮೇ ತಿಂಗಳಲ್ಲಿ ಸೇವಾಸಿಂಧು ಪಾಸು ಮಾಡಿಸಿ, ಬಾಡಿಗೆ ಗಾಡಿಯಲ್ಲಿ ಹತ್ತು ಜನರ ಖರ್ಚು ಹಂಚಿಕೊಂಡು, ಗಡಿಯಲ್ಲಿ ಸಾಲು ನಿಂತು ಹೋದವರು. ಮೇ 18ರ ಹೊತ್ತಿಗೆ ಮಹಾರಾಷ್ಟ್ರದಿಂದ ಬರುವವರನ್ನು ಕರ್ನಾಟಕ ತಿಂಗಳ ಕೊನೆಯವರೆಗೆ ತಡೆಯಿತು. ಅದಕ್ಕೆ ಮೊದಲೇ ದಾಟಿದವರಿಗೆ ಉಡುಪಿ ಜಿಲ್ಲೆಯಲ್ಲಿ, ಮಂಡ್ಯದ ಕೆ.ಆರ್. ಪೇಟೆ ಕಡೆ ಸಿಕ್ಕಿದ್ದು ಶಾಲೆ, ಹಾ‌ಸ್ಟೆಲುಗಳ ಕ್ವಾರಂಟೈನು. ಮುಂಬಯಿಯ ಶಾಲೆಯಿಂದ ಬಿಡುಗಡೆ ಪಡೆದ ಮಗು ಊರಿನ ಶಾಲೆಯ ಕೋಣೆಯಲ್ಲಿ ಚಾಪೆ ಹಾಸಿ ಮಲಗಿತು. ಕಿಟಕಿಯ ಆಚೆ ಆಟದ ಮೈದಾನ, ಅದರಾಚೆ ಮಾವಿನಮರ, ಇನ್ನೂ ಆಚೆ ಅಜ್ಜಿ. ಬುತ್ತಿ ತಂದು ಗೇಟಿನಲ್ಲಿಟ್ಟು ದೂರ ನಿಂತು ಕೈಬೀಸಿದ ಅಜ್ಜಿಯರು ಅದೆಷ್ಟು ಮಂದಿಯೋ. ‘ಮುಂಬಯಿಯವರು ಬಂದರು’ ಎಂಬ ಮಾತು ಊರಿನಲ್ಲಿ ಅಲ್ಲಿಯವರೆಗೆ ಪೆಟ್ಟಿಗೆ, ಸೆಂಟು, ಚಾಕಲೇಟಿನ ಮಾತಾಗಿತ್ತು. ಆ ವರ್ಷ ಅದು ಬಾಗಿಲು ಹಾಕಿಕೊಳ್ಳುವ ಮಾತಾಯಿತು. ಮಕ್ಕಳು ಇದನ್ನು ಗಮನಿಸಲಿಲ್ಲ ಎಂದುಕೊಂಡಿದ್ದೀರಾ?

ಊರಿಗೆ ಹೋಗಲಾಗದೆ ಇಲ್ಲೇ ಉಳಿದವರಿಗೆ ಊರೇ ಫೋನಿನಲ್ಲಿ ಬಂತು. ಸಂಜೆ ವೀಡಿಯೊ ಕರೆ ಹಚ್ಚಿ ಅಜ್ಜಿಯಿಂದ ಕತೆ ಹೇಳಿಸುವುದು ಹಲವು ಮನೆಗಳಲ್ಲಿ ರೂಢಿಯಾಯಿತು. ಕನ್ನಡ ಓದಲು ಬಾರದ, ಇಂಗ್ಲಿಷ್ ಶಾಲೆಯ ನಮ್ಮ ಮಕ್ಕಳ ಕಿವಿಗೆ ದಿನಕ್ಕೆ ಅರ್ಧ ಗಂಟೆ ಊರಿನ ಮಾತು ಬಿದ್ದದ್ದು ಆ ಕಾಲದಲ್ಲೇ. ಮಂಗಳೂರಿನಲ್ಲಿ 1921ರಲ್ಲಿ ‘ಬಾಲಸಾಹಿತ್ಯ ಮಂಡಲ’ವನ್ನು ಕಟ್ಟಿ ಮಕ್ಕಳಿಗೆಂದೇ ಬರೆದ ಪಂಜೆ ಮಂಗೇಶರಾಯರ ಕತೆಗಳನ್ನು ಅಜ್ಜಿಯರು ಪುಸ್ತಕ ನೋಡದೆಯೇ ಹೇಳಬಲ್ಲರು. ನೆಟ್‌ವರ್ಕ್ ಕಡಿದು ಕತೆ ಅರ್ಧಕ್ಕೆ ನಿಂತರೆ ನಾಳೆಗೆ ಕುತೂಹಲ ಉಳಿಯುತ್ತಿತ್ತು, ಅದೂ ಒಂದು ಲಾಭ.

ಒಂದು ಬೇಸಿಗೆಗೆ ಮುಗಿಯಲಿಲ್ಲ. 2021ರ ಏಪ್ರಿಲಿನಲ್ಲಿ ಎರಡನೆಯ ಅಲೆ, ಮತ್ತೆ ಬಾಗಿಲು. ನಡುವಿನಲ್ಲಿ ಹೆಂಗಸರಿಗೆ ಲೋಕಲ್ ಬಿಟ್ಟಾಗಲೂ ಮಕ್ಕಳನ್ನು ಜೊತೆಗೆ ತರಬಾರದೆಂದು ಸ್ಟೇಶನ್ ಬಾಗಿಲಿನಲ್ಲಿ ತಡೆದರು. ಮುಂಬಯಿಯಲ್ಲಿ ಎಂಟರಿಂದ ಮೇಲಿನವರಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 4ಕ್ಕೆ, ಒಂದರಿಂದ ಏಳರವರಿಗೆ ಡಿಸೆಂಬರ್ 15ಕ್ಕೆ. ಅದೂ ಜನವರಿಯಲ್ಲಿ ಮತ್ತೆ ಮುಚ್ಚಿ, 24ಕ್ಕೆ ತೆರೆಯಿತು. ಬಾಲವಾಡಿ ಮುಗಿಸಿ ಮನೆಯೊಳಗೆ ಹೋದ ಮಗು ಒಂದನೆಯ ತರಗತಿಯನ್ನು ಕಾಣದೆಯೇ ಎರಡನೆಯ ತರಗತಿಯ ಬೆಂಚಿನ ಮೇಲೆ ಬಂದು ಕೂತಿತು. 2022ರ ಬೇಸಿಗೆಗೆ ಮತ್ಸ್ಯಗಂಧಾದಲ್ಲಿ ಮತ್ತೆ ಮಕ್ಕಳ ಗಲಾಟೆ. ಊರಿಗೆ ಮುಟ್ಟಿದಾಗ ಕೆಲವರಿಗೆ ಅಜ್ಜಿಯ ಎತ್ತರಕ್ಕೆ ತಾವು ಬಂದದ್ದು ತಿಳಿಯಿತು, ಇನ್ನು ಕೆಲವರಿಗೆ ಅಜ್ಜಿ ಇರಲಿಲ್ಲ.

ಈ ಬರಹವನ್ನು ಸಿದ್ಧಪಡಿಸುವಾಗ ಒಂದು ವಿಷಯದಲ್ಲಿ ನಮ್ಮ ನಮ್ಮಲ್ಲೇ ಜಗಳವಾಯಿತು. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗಬಹುದೇ, ಕೂಡದೇ? ಧಾರವಾಡದ ಕಡೆಯವರೊಂದು ಹೇಳುತ್ತಾರೆ, ಮೈಸೂರಿನವರೊಂದು, ಕರಾವಳಿಯವರದು ಇನ್ನೊಂದು. ವಿಕ್ರೋಳಿ, ಭಾಂಡುಪ್, ಘಾಟ್ಕೋಪರ್ ಕಡೆಯ ಕೇಳುಗರೇ, 2020ರ ಬೇಸಿಗೆ ನಿಮ್ಮ ಲಾದಿಯ ಮೇಲೆ ಯಾವ ಕಾನೂನು ನಡೆಯಿತು, ಅದು ನಿಮ್ಮ ಯಾವ ಊರಿನದು, ಕಾಯಿಗೆ ಏನನ್ನು ಬಳಸಿದಿರಿ ಎಂದು ಒಂದು ಕಾರ್ಡಿನಲ್ಲಿ ಬರೆದು ಕನ್ನಡ ವಿಭಾಗಕ್ಕೆ ಕಳಿಸಿ. ಮಕ್ಕಳೇ ಬರೆದರೆ ಇನ್ನೂ ಒಳ್ಳೆಯದು. ಅಕ್ಷರ ಸೊಟ್ಟಗಿದ್ದರೆ ಚಿಂತೆಯಿಲ್ಲ. ಬಂದ ಕಾನೂನುಗಳನ್ನೆಲ್ಲ ಒಂದು ದಿನ ಗಾಳಿಯಲ್ಲಿ ಓದುತ್ತೇವೆ.